ಕನ್ನಡಿಯ ಮೇಲೆ ಬರೆದ ಮುಖ

ಕುಮಟಾ ಬಸ್ ನಿಲ್ದಾಣದ ಹತ್ತಿರ ನಮಗೆಲ್ಲ ಕೂದಲು ಕತ್ತರಿಸುತ್ತಿದ್ದವರು ಮೊದಲು ಗಿರಾಕಿಯ ಮುಖವನ್ನು ಸಾಬೂನಿನ ತುಂಡಿನಿಂದ ಕನ್ನಡಿಯ ಮೇಲೆ ಬರೆಯುತ್ತಿದ್ದರು. ಮುಖ ದುಂಡೋ ಚೌಕವೋ ಎಂದು ಖಾತ್ರಿಯಾಗದೆ ಕತ್ತರಿ ಮುಟ್ಟುತ್ತಿರಲಿಲ್ಲ. "ಅಲುಗಬೇಡಿ, ಮುಖ ತಪ್ತದೆ" ಎನ್ನುತ್ತಲೇ ಇರುತ್ತಿದ್ದರು.

ಹೊನ್ನಾವರಕ್ಕೆ ಹೆಣ್ಣು ನೋಡಲು ಹೊರಟ ದಿನ ನಾನೂ ಅಲ್ಲಿ ಕೂತೆ. "ನಿಮ್ದು ಉದ್ದ ಮುಖ. ಕಿವಿ ಮೇಲೆ ದಪ್ಪ ಬಿಡ್ವ" ಎಂದು ಎಡಬದಿ ಮುಗಿಸಿದರು. ಅಷ್ಟರಲ್ಲಿ ಎದುರಿನ ಎಸ್‌ಟಿಡಿ ಬೂತಿಗೆ ನನಗೆ ಫೋನ್ ಬಂತು. ಮಾತಾಡಿ ಬರುವಷ್ಟರಲ್ಲಿ ದುಂಡು ಮುಖದ ಮೇಷ್ಟ್ರೊಬ್ಬರು ನನ್ನ ಕುರ್ಚಿಯಲ್ಲಿದ್ದರು. ಕನ್ನಡಿಯಲ್ಲಿದ್ದ ನನ್ನ ಮುಖದೊಳಗೆ ಅವರ ಮುಖ ಹಿಡಿಸುತ್ತಿರಲಿಲ್ಲ.

"ಕೆನ್ನೆ ಸ್ವಲ್ಪ ಒಳಗೆ ತಕ್ಕಳಿ, ಸರ್."

ಮೇಷ್ಟ್ರು ಉಸಿರು ಕಟ್ಟಿ ಕೆನ್ನೆ ಎಳೆದುಕೊಂಡರು. ಅವರ ಬಲಬದಿಯನ್ನಷ್ಟೇ ಕತ್ತರಿಸಿ ಕಳಿಸಿದ್ದಾಯಿತು.

ನಾನು ಕೂರಲು ಹೋದೆ.

"ನಿಮ್ದು ಆತಲ್ಲ, ಮತ್ತೆ ಎಂತಕ್ಕೆ?" ಎಂದು ಅವರು ಕನ್ನಡಿ ಒರೆಸಿಬಿಟ್ಟರು.

ಬಸ್ಸಿಗೆ ಹೊತ್ತಾಗಿತ್ತು, ಹಾಗೆಯೇ ಹೋದೆ. ಹುಡುಗಿ ಒಪ್ಪಿದಳು. ಆವತ್ತು ಅವಳಿಗೆ ನನ್ನ ಯಾವ ಬದಿ ಕಂಡಿತ್ತೆಂದು ಕೇಳಲು ಇವತ್ತಿಗೂ ನನಗೆ ಧೈರ್ಯವಿಲ್ಲ.