ಮರವಜ್ರ ಬೇಡವೆಂದ ಟೀಚರ್

ಮೊನ್ನೆ ಬಾಗಿಲು ಮಾಡಿಸಲೆಂದು ಗುಬ್ಬಿಯ ಬಡಗಿಯೊಬ್ಬರ ಹತ್ತಿರ ಹೋಗಿದ್ದೆ. ಮೂಲೆಯ ಒಲೆಯ ಮೇಲೆ ಡಬ್ಬಿಯೊಂದರಲ್ಲಿ ಮರವಜ್ರ ಕಾಯುತ್ತಿತ್ತು, ಮರ ಅಂಟಿಸುವ ಹಳೆಯ ಕಾಲದ ಅಂಟು. ಅಯ್ಯಪ್ಪಾ, ಆ ವಾಸನೆಗೆ ಯಾರೂ ಹತ್ತಿರ ನಿಲ್ಲಲಾರರು. ನನಗೆ ಮಾತ್ರ ಅಲ್ಲಿ ನಿಂತಲ್ಲೇ ನನ್ನ ವೀಣೆ ಟೀಚರ್ ನೆನಪಾಗಿಬಿಟ್ಟರು...

ಎಪ್ಪತ್ತರ ದಶಕದಲ್ಲಿ ನಾನು ತುಮಕೂರಿನಲ್ಲಿ ಕೆಲಸಕ್ಕಿದ್ದಾಗ ಸಂಜೆ ಹೊತ್ತು ಉಪ್ಪಾರಹಳ್ಳಿಯ ಅವರ ಮನೆಗೆ ಪಾಠಕ್ಕೆ ಹೋಗುತ್ತಿದ್ದೆ. ಗಂಡ ತೀರಿಕೊಂಡಿದ್ದರು, ಮನೆಯಲ್ಲಿ ಟೀಚರ್ ಮತ್ತು ಅವರ ಅತ್ತೆ ಇಬ್ಬರೇ. ಅತ್ತೆ ಬಲು ಆಚಾರವಂತೆ. ಲಿಂಗಪೂಜೆ ಮುಗಿಯುವ ತನಕ ತೊಟ್ಟು ನೀರೂ ಕುಡಿಯುತ್ತಿರಲಿಲ್ಲ. ಪುಟ್ಟ ಮನೆಯಾದ್ದರಿಂದ ವೀಣೆಗೆ ಜಾಗ ಸಿಕ್ಕಿದ್ದು ದೇವರ ಕೋಣೆಯಲ್ಲೇ. ಟೀಚರ್ ಆ ಅತ್ತೆಗೆ ಹೆದರುತ್ತಿದ್ದ ಪರಿ ನೋಡಿದರೆ ನನಗೇ ರೇಗುತ್ತಿತ್ತು. ಅತ್ತೆ ಒಳಗೆ ಕೆಮ್ಮಿದರೆ ಇವರು ಇಲ್ಲಿ ಮೀಟುವುದನ್ನೇ ನಿಲ್ಲಿಸಿಬಿಡುತ್ತಿದ್ದರು!

ಒಮ್ಮೆ ಟೀಚರ್ ಜೊತೆ ಕುಣಿಗಲ್‌ನಲ್ಲಿ ಮದುವೆ ಕಛೇರಿ ಮುಗಿಸಿ ಬರುವಾಗ ಬಸ್ಸಿನ ಮೇಲಿಟ್ಟಿದ್ದ ವೀಣೆಯ ಮೇಲೆ ಯಾರೋ ತೆಂಗಿನಕಾಯಿ ಮೂಟೆ ಎಸೆದರು. ಉದ್ದನೆಯ ದಂಡಿಯೂ ಗುಂಡನೆಯ ಕೊಡವೂ ಸೇರುವ ಕಡೆ ಬೆಸುಗೆ ಬಿಟ್ಟುಕೊಂಡಿತು. ನಾವಿಬ್ಬರೂ ಅದನ್ನು ಮಗುವಿನಂತೆ ಎತ್ತಿಕೊಂಡು ಪೇಟೆಯಲ್ಲಿ ವಾದ್ಯ ರಿಪೇರಿ ಮಾಡುತ್ತಿದ್ದ ಸಾಬರ ಅಂಗಡಿಗೆ ಹೋದೆವು.

"ಮರ ಒಡೆದಿಲ್ಲಮ್ಮಾ, ಅಂಟು ಬಿಟ್ಟಿದೆ ಅಷ್ಟೆ. ಮರವಜ್ರ ಕಾಯಿಸಿ ಹಾಕ್ಕೊಡ್ತೀನಿ," ಅಂದರು ಸಾಬರು.

"ಅದು ಯಾವ ಮರದ್ದು?" ಎಂದು ಟೀಚರ್ ಸುಮ್ಮನೆ ಕೇಳಿದರು.

ಸಾಬರು ನಕ್ಕರು. "ಮರದ್ದಲ್ಲಮ್ಮಾ, ಮರಕ್ಕೆ ಹಾಕೋದು. ಚರ್ಮ, ಮೂಳೆ ಕುದಿಸಿ ಮಾಡ್ತಾರೆ. ಈ ವೀಣೆ ಮಾಡಿದವ್ನೂ ಅದ್ನೇ ಹಾಕವ್ನೆ."

ಟೀಚರ್ ಮುಖ ಬಿಳಿಚಿಕೊಂಡಿತು. ಅವರು ಅದನ್ನು ಯಾವುದೋ ಮರದ ಗೋಂದು ಅಂದುಕೊಂಡಿದ್ದರು, ಪಾಪ. ಇಷ್ಟು ವರ್ಷ ಅತ್ತೆಯ ಪೂಜೆಯ ಮಗ್ಗುಲಲ್ಲೇ ಇಟ್ಟಿದ್ದರಲ್ಲ! ನನ್ನ ಕೈ ಹಿಡಿದು, "ಅತ್ತೆಗೆ ಗೊತ್ತಾದ್ರೆ ವೀಣೆ ಮನೇಲಿ ಉಳಿಯಲ್ಲ ಕಣೇ," ಅಂದರು. ಆಮೇಲೆ ಆಗಷ್ಟೇ ಬಳಕೆಗೆ ಬರುತ್ತಿದ್ದ ಡಬ್ಬಿಯ ಬಿಳಿ ಅಂಟನ್ನು ತೋರಿಸಿದರು.

"ಬೇಡಮ್ಮಾ. ಅದು ತಂತಿ ಎಳೆತಕ್ಕೆ ಮೆಲ್ಲಗೆ ಜಾರುತ್ತೆ. ಆಮೇಲೆ ಅದರ ಮೇಲೆ ಬೇರೆ ಅಂಟೂ ಕೂರಲ್ಲ," ಅಂದರು ಸಾಬರು.

"ಪರವಾಗಿಲ್ಲ, ಹಳೇದನ್ನ ಕೆರೆದು ಬಿಳೀದೇ ಹಾಕಿ."

ಸಾಬರು ಹೇಳಿದಂತೆಯೇ ಆಯಿತು. ಬೇಸಿಗೆ ಬಂದಾಗಲೆಲ್ಲ ದಂಡಿ ಕೂದಲೆಳೆಯಷ್ಟು ಬಾಗುತ್ತಿತ್ತು. ಎಳೆತ ಕಡಿಮೆಯಾಗಲಿ ಎಂದು ಟೀಚರ್ ಶ್ರುತಿ ಇಳಿಸಿದರು, ಮುಂದಿನ ಬೇಸಿಗೆಗೆ ಇನ್ನಷ್ಟು ಇಳಿಸಿದರು. ಆ ಇಳಿದ ಶ್ರುತಿಗೆ ಹಾಡುವವರು ಯಾರು? ಕಛೇರಿಗೆ ಕರೆಯುವುದೇ ನಿಂತುಹೋಯಿತು. ಹೊಸ ವೀಣೆ ಕೊಳ್ಳುವ ಶಕ್ತಿ ಇರಲಿಲ್ಲ. ನಮಗೆ ಪಾಠ ಮಾತ್ರ ಅದರಲ್ಲೇ ನಡೆಯುತ್ತಿತ್ತು.

ಎಂಬತ್ತರ ದಶಕದ ಒಂದು ಸಂಜೆ, ಹಾಸಿಗೆ ಹಿಡಿದಿದ್ದ ಅತ್ತೆ ನನ್ನೆದುರಿಗೇ ಕೇಳಿದರು: "ನಿನ್ ವೀಣೆ ಯಾಕೆ ಹಿಂಗೆ ನರಳ್ತದೆ? ಮೊದ್ಲು ಹಿಂಗಿರ್ನಿಲ್ವಲ್ಲ."

ಟೀಚರಿಗೆ ಇನ್ನು ಮುಚ್ಚಿಡಲು ಆಗಲಿಲ್ಲವೇನೋ, ಎಲ್ಲಾ ಹೇಳಿಬಿಟ್ಟರು. ಮುದುಕಿ ಸೊಸೆಯ ಕಡೆ ಹೊರಳಿದರು.

"ಅಲ್ಲಾ ಕಣೇ, ಮಠದ ನಗಾರಿ ಏನು ಬಾಳೆಲೇಲಿ ಮಾಡವ್ರಾ? ಚರ್ಮದ್ದೇ ತಾನೆ? ದಿನಾ ದೇವ್ರ ಮುಂದೆ ಬಾರಿಸಲ್ವಾ? ನನ್ನ ಒಂದ್ ಮಾತು ಕೇಳಕ್ಕೆ ಏನಾಗಿತ್ತು ನಿಂಗೆ?" ಗದರುತ್ತಲೇ ಅವರ ದನಿ ಒಡೆಯಿತು. "ಅಷ್ಟು ಕೆಟ್ಟೋಳಾ ನಾನು?"

ಟೀಚರ್ ಹೋಗಿ ಅತ್ತೆಯ ಕಾಲ ಹತ್ತಿರ ಕೂತು ಅತ್ತರು...

ಈಗ ಇಬ್ಬರೂ ಇಲ್ಲ. ಹೆದರಿದವರ ಮೇಲೂ ಹೆದರಿಸಿದವರ ಮೇಲೂ ನನಗೆ ಸಿಟ್ಟು ಉಳಿದಿಲ್ಲ, ಸಂಕಟವಷ್ಟೇ. ನನ್ನ ವೀಣೆಗೆ ಯಾವ ಕೊರತೆಯೂ ಇಲ್ಲ, ಎಷ್ಟು ಬಿಗಿದರೂ ತಡೆಯುತ್ತದೆ. ಆದರೂ ಬಿರಡೆ ತಿರುಗಿಸುವಾಗ ಟೀಚರ್ ಇಳಿಸಿಟ್ಟಿದ್ದ ಆ ಶ್ರುತಿಗೇ ನನ್ನ ಕೈ ನಿಂತುಬಿಡುತ್ತದೆ. ಅದಕ್ಕಿಂತ ಮೇಲಕ್ಕೆ ನನಗೂ ಧೈರ್ಯ ಬರುವುದಿಲ್ಲ.