ಅಂಗೈಯ ಮೇಲೆ ಸಾರು

ನಿವೃತ್ತಿಯಾದ ಮೇಲೆ ನನಗೆ ಉಳಿದಿರುವ ಚಟ ಒಂದೇ, ತಿಂಗಳಿಗೊಮ್ಮೆ ಗೆಳೆಯನ ಜೊತೆ ಮಾಟುಂಗದಲ್ಲಿ ಊಟ. ನಾನು ಡೊಂಬಿವಲಿಯಿಂದ ಲೋಕಲ್ ಹಿಡಿದು ಬರುತ್ತೇನೆ, ಅವನು ವಡಾಲದಿಂದ ಬಸ್ಸಿನಲ್ಲಿ. ಇಬ್ಬರೂ ಧಾರವಾಡದ ಕಡೆಯವರು. ಫೋರ್ಟಿನ ಒಂದೇ ಬ್ಯಾಂಕಿನಲ್ಲಿ ಎದುರುಬದುರು ಕೂತು ತಲೆ ಬೆಳ್ಳಗೆ ಮಾಡಿಕೊಂಡವರು. ಒಬ್ಬರನ್ನೊಬ್ಬರು ಹಂಗಿಸದಿದ್ದರೆ ನಮಗೆ ಉಂಡದ್ದು ಅರಗುವುದಿಲ್ಲ.

ಮೊನ್ನೆ ಭಾನುವಾರವೂ ಸ್ಟೇಷನ್ನಿನ ಹೊರಗೆ ನನ್ನನ್ನು ಕಂಡವನೇ, "ಏನಪಾ, ಇನ್ನೂ ಇದ್ದೀಯಾ?" ಎಂದ.

"ನಿನ್ನ ತಿಥಿ ಊಟ ಬಾಕಿ ಅದ. ಅದನ್ನ ಉಂಡ ಹೋಗ್ತೀನಿ," ಎಂದೆ.

ಇಬ್ಬರೂ ನಕ್ಕೆವು. ಬಿಸಿಲು ಹಿತವಾಗಿತ್ತು, ಹೂವಿನ ಅಂಗಡಿಗಳ ಮುಂದೆ ನೀರು ಚಿಮುಕಿಸಿದ್ದರು. ನಾವು ಮೊದಲ ಸಂಬಳ ಬಂದ ಹುಡುಗರ ಹಾಗೆ ಹರಟುತ್ತ ನಡೆದೆವು.

ಅವನ ನಾಲಿಗೆಯ ಬಗ್ಗೆ ಇಲ್ಲಿ ಹೇಳಬೇಕು. ಅವನ ಅಪ್ಪ ಮದುವೆ ಮನೆಗಳ ಅಡುಗೆಯವರು. ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು, ನೆಕ್ಕಿ, ಹದ ಹೇಳುವುದು ಅವನಿಗೆ ಅವರಿಂದ ಬಂದದ್ದು. ಬ್ಯಾಂಕಿನಲ್ಲಿ ಯಾರ ಡಬ್ಬಿ ತೆರೆದರೂ ಇವನ ಅಂಗೈ ಮುಂದೆ ಬರುತ್ತಿತ್ತು. ಅಲ್ಲಿ ಅದು ತಮಾಷೆ. ಮನೆಯಲ್ಲಿ ಅಲ್ಲ. ಊಟಕ್ಕೆ ಎಷ್ಟೇ ಜನ ಕೂತಿರಲಿ, ಅವನ ಹೆಂಡತಿ, ನಮ್ಮ ವೈನಿ, ಮೊದಲು ಸೌಟು ಹಿಡಿದು ಇವನ ಮುಂದೆ ಬಂದು ನಿಲ್ಲಬೇಕು. ಇವನು ಅಂಗೈ ಚಾಚಬೇಕು, ಕಣ್ಣು ಮುಚ್ಚಬೇಕು, ತೀರ್ಪು ಕೊಡಬೇಕು. "ಇದನ್ನ ಚೆಲ್ಲು" ಎಂದರೆ ಆಕೆ ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಮೋರಿಗೆ ಸಾರು ಸುರಿಯುವ ಸಪ್ಪಳ ಹೊರಗೆ ಕೂತ ನಮಗೆಲ್ಲ ಕೇಳುತ್ತಿತ್ತು. ಎಂಥ ಘಮಘಮ ಸಾರು ಅದು! ಹೊಟ್ಟೆ ಉರಿಯುತ್ತಿತ್ತು ನನಗೆ.

ಹೋಟೆಲಿನಲ್ಲಿ ಭಾನುವಾರದ ನೂಕುನುಗ್ಗಲು. ಉಣ್ಣುವವರ ಕುರ್ಚಿಗಳ ಹಿಂದೆಯೇ ಮುಂದಿನವರು ನಿಂತಿದ್ದರು. ನಮ್ಮ ಮೇಜಿನ ಆಚೆ ಬದಿಗೆ ಗಂಡ ಹೆಂಡತಿ ಇಬ್ಬರು ಅಪರಿಚಿತರು. ಬಾಳೆಲೆ ಹಾಕಿದರು, ಪಲ್ಯ ಬಂತು, ಸಾರಿನ ಬಕೆಟ್ ಬಂತು. ಗೆಳೆಯ ಎಂದಿನಂತೆ ಅಂಗೈ ಚಾಚಿದ. ಬಡಿಸುವವನಿಗೆ ಇವನ ಶಿಸ್ತು ಗೊತ್ತು, ನಗುತ್ತ ಒಂದು ಹನಿ ಬಿಟ್ಟ. ಇವನು ನೆಕ್ಕಿ ಕಣ್ಣು ಮುಚ್ಚಿದ.

"ಚಲೋ ಆಗ್ಯದ. ಆದ್ರ ಉಪ್ಪು ಒಂದು ಹರಳು ಕಡಿಮಿ ಆತು ನೋಡು."

ಅಷ್ಟರಲ್ಲಿ ಎದುರಿನ ಗಂಡಸು ಬಾಯಿಗಿಟ್ಟುಕೊಂಡ ತುತ್ತನ್ನು ಎಲೆಗೇ ಉಗುಳಿದ. "ಅರೇ, ನಮಕ್ ಕಿತನಾ ಡಾಲಾ ಹೈ!" ನಾನೂ ಒಂದು ಗುಟುಕು ಕುಡಿದೆ. ಸಾರಲ್ಲ ಅದು, ಸಮುದ್ರ. ಬಡಿಸುವವನು ಒಳಗೆ ಓಡಿಹೋಗಿ ಬಂದು ಕೈ ಮುಗಿದ. "ತಪ್ಪಾಯ್ತು ಮಾರಾಯ್ರೆ. ಇವತ್ತು ಸಾರಿಗೆ ಇಬ್ಬರು ನಿಂತದ್ದು, ಇಬ್ಬರೂ ಉಪ್ಪು ಹಾಕಿದ್ದಾರೆ." ಆಮೇಲೆ ಗೆಳೆಯನ ಕಡೆ ತಿರುಗಿ, "ನಿಮಗೆ ಕಡಿಮೆ ಆಯ್ತಾ ಸರ್? ಇನ್ನೊಂದು ಮುಷ್ಟಿ ತರ್ಲಾ?" ಎಂದ. ಕುರ್ಚಿಯ ಹಿಂದೆ ನಿಂತಿದ್ದ ಕನ್ನಡದವರು ಗೊಳ್ಳೆಂದು ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿಯೇ ನಕ್ಕೆ. ಅವನ ಸೊಕ್ಕು ಇಳಿದದ್ದು ನೋಡಿ ನನಗೆ ನಿಜಕ್ಕೂ ಖುಷಿಯಾಗಿತ್ತು.

ಅವನು ನಗಲಿಲ್ಲ. ಮೊಸರನ್ನ ಉಂಡು ಎದ್ದ.

ಹೊರಗೆ ಬಂದು ಪಾನ್ ಅಂಗಡಿಯ ಪಕ್ಕ ನಿಂತಾಗ ಹೇಳಿದ. "ಜ್ವರ ಬಂದು ಹೋದ ಮ್ಯಾಲೆ ನಾಲಿಗಿ ಸತ್ತದ. ಮೂಗೂ ಹೋಗ್ಯದ. ಇನ್ನ ತಿರುಗಿ ಬರೂದಿಲ್ಲ ಅಂದ್ರು ಡಾಕ್ಟರು."

"ವೈನಿಗೆ ಗೊತ್ತದ ಏನು?"

"ಗೊತ್ತಾಗಬಾರದು." ನನ್ನ ತೋಳು ಹಿಡಿದುಕೊಂಡ. "ದಿನಾ ಏನರೆ ಒಂದು ಹೆಸರಿಡ್ತೀನಿ. ಉಪ್ಪು, ಹುಳಿ, ಬಾಯಿಗೆ ಬಂದದ್ದು. ಮನ್ಯಾಗ ನಂದು ಅಂತ ಉಳದದ್ದು ಅದೊಂದೇ. ಅದೂ ಹೋತಂದ್ರ ನಾ ಅಲ್ಲಿ ಮೂಲ್ಯಾಗಿನ ಸ್ಟೂಲು ಇದ್ದಂಗ. ನೀ ಬಾಯಿ ಬಿಡಬ್ಯಾಡ."

ಆಣೆ ಮಾಡಿಸಿಕೊಂಡ. ಮಾಡಿದೆ. ಮುದುಕನಾದ ಮೇಲೆ ಅವನು ನನ್ನನ್ನು ಏನನ್ನಾದರೂ ಬೇಡಿದ್ದು ಅದೇ ಮೊದಲು.

ಊಟವಾದ ಮೇಲೆ ಅವನ ಮನೆಯಲ್ಲಿ ಚಹಾ ಕುಡಿದೇ ನಾನು ಡೊಂಬಿವಲಿಗೆ ಹೊರಡುವುದು. ವಡಾಲದ ಅವನ ಬಿಲ್ಡಿಂಗಿಗೆ ಹೋದೆವು. ಅವನು ಬಚ್ಚಲಿಗೆ ಹೋದ. ವೈನಿ ಎರಡು ಕಪ್ಪು ತಂದು ಟೀಪಾಯಿಯ ಮೇಲಿಟ್ಟಳು.

"ಈ ಹಸರ ಕಪ್ಪು ನಿಮ್ಮದು ಭಾವಜಿ. ಅದಲಬದಲ ಮಾಡಬ್ಯಾಡ್ರಿ."

"ಯಾಕ ವೈನಿ? ಅವನಿಗೆ ಸಕ್ರಿ ಬಂದದ ಏನು?"

ಆಕೆ ಬಚ್ಚಲ ಬಾಗಿಲ ಕಡೆ ನೋಡಿದಳು. ನೀರು ಸುರಿಯುತ್ತಿತ್ತು. "ಅದರಾಗ ಉಪ್ಪು ಹಾಕೀನಿ," ಎಂದಳು.

ನಾನು ಇನ್ನೊಂದು ಕಪ್ಪಿನೊಳಗೆ ಬಗ್ಗಿ ನೋಡಿದೆ.

"ಒಂದಿನ ಮರತು ಸಾರಿಗೆ ಉಪ್ಪ ಹಾಕಿರಲಿಲ್ಲ. ಉಪ್ಪು ಜಾಸ್ತಿ ಆಗ್ಯದ ಅಂತ ತಾಟು ಸರಿಸಿದ್ರು. ಅವತ್ತೇ ತಿಳೀತು. ಈಗ ನನಗ ಬ್ಯಾರೆ ಪಾತ್ರ್ಯಾಗ ಮಾಡ್ಕೋತೀನಿ. ಅವರಿಗೆ ಅರಿಷಿಣದ ನೀರು, ಬ್ಯಾಳಿ ತೊಳದ ನೀರು, ಏನಿದ್ರ ಅದು." ಆಕೆಯ ದನಿ ಏರಲಿಲ್ಲ, ಇಳಿಯಲಿಲ್ಲ. "ಇಷ್ಟು ವರ್ಷ ಮಂದಿ ಮುಂದ ಚೆಲ್ಲಿಸಿದ್ರು. ಈಗ ಚೆಲ್ಲೂದನ್ನ ಅವರಿಗೆ ಬಡಸ್ತೀನಿ."

ಗೆಳೆಯ ಮುಖ ಒರೆಸಿಕೊಳ್ಳುತ್ತ ಬಂದು ಕೂತ. ನನ್ನ ಕಡೆ ಒಮ್ಮೆ ನೋಡಿ, ಆಣೆ ನೆನಪಿದೆ ತಾನೇ ಎಂಬಂತೆ ಹುಬ್ಬು ಹಾರಿಸಿ, ಕಪ್ಪು ಎತ್ತಿದ. ಕೈ ಅಡ್ಡ ಹಿಡಿಯಬೇಕಿತ್ತು ನಾನು. ಹಿಡಿಯಲಿಲ್ಲ. ಹಿಡಿದರೆ ಏನೆಂದು ಹೇಳುವುದು? ಅವನು ದೊಡ್ಡದೊಂದು ಗುಟುಕು ನುಂಗಿ ಮುಖ ಕಿವುಚಿದ.

"ಏನಿದು, ಪಾಯಸ ಮಾಡಿ ಏನು? ಇಷ್ಟು ಸಕ್ರಿ ಯಾರು ಹಾಕ್ತಾರ? ಮುದುಕಿ ಆದ್ರೂ ಒಂದು ಕಪ್ ಚಹಾ ಮಾಡ್ಲಿಕ್ಕೆ ಬರವಲ್ದು."

"ತಪ್ಪಾತು," ಎಂದಳು ವೈನಿ. ಸೆರಗಿನ ತುದಿ ಬಾಯಿಗೆ ಹಿಡಿದು ಒಳಗೆ ಹೋದಳು. ಅವಳ ಭುಜ ಕುಲುಕುತ್ತಿತ್ತು. ನನ್ನ ಕಪ್ಪಿನಲ್ಲಿ ಶುಂಠಿ ಹಾಕಿದ ಚಹಾ, ಅಂಥದ್ದನ್ನು ನಾನು ಎಲ್ಲೂ ಕುಡಿದಿಲ್ಲ. ಪೂರ್ತಿ ಕುಡಿದೆ.

ಅವನು ಲಿಫ್ಟಿನವರೆಗೆ ಬಂದ. ಮನೆಯ ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದ. ಮಧ್ಯಾಹ್ನದ ಪೆಚ್ಚುಮೋರೆ ಹೋಗಿ ಮುಖ ಅರಳಿತ್ತು.

"ನೋಡಿದ್ಯಾ? ಅಳ್ಕೋತ ಒಳಗ ಹೋದ್ಲು. ಒಂಚೂರೂ ಸಂಶಯ ಬಂದಿಲ್ಲ ಆಕಿಗೆ."

"ಇಲ್ಲ, ಬಂದಿಲ್ಲ," ಎಂದೆ.