ಮೇಣದ ಕಾಗದದ ಮೇಲೆ ಕೋಳಿಮರಿಗಳು

ಕೆಲವು ವರ್ಷಗಳ ಹಿಂದೆ ನಾನು ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಪಶುವೈದ್ಯೆಯಾಗಿದ್ದೆ. ಚಳಿಗಾಲದ ಒಂದು ಬೆಳಗ್ಗೆ ರತ್ನಮ್ಮನ ಫೋನ್ ಬಂತು. ರೇಷ್ಮೆಹುಳು ಸಾಕುತ್ತಿದ್ದ ಮನೆಯಲ್ಲಿ ಆಕೆ ಮೊದಲ ಬಾರಿಗೆ ಕೋಳಿಮರಿ ಬಿಟ್ಟಿದ್ದರು.

“ಮೇಡಂ, ಮರಿಗಳು ಮೇಲಕ್ಕೇ ಏಳ್ತಿಲ್ಲ. ಬೇಗ ಬರ್ತೀರಾ?”

ದಾರಿಯುದ್ದಕ್ಕೂ ಮಂಜು. ಹಿಪ್ಪುನೇರಳೆ ತೋಟಗಳು ಕರಗಿಹೋಗಿ, ದೂರದ ಬೆಟ್ಟಗಳ ನೆತ್ತಿ ಮಾತ್ರ ತೇಲುತ್ತಿತ್ತು. ಸುಣ್ಣ ಬಳಿದ ಆ ಹುಳುಮನೆಯೊಳಗೆ ಕಾಲಿಟ್ಟರೆ ಬೇರೊಂದು ಲೋಕ: ಬೆಚ್ಚನೆಯ ಗಾಳಿ, ಸಣ್ಣ ಚಿಲಿಪಿಲಿ. ತಾಯಿಕೋಳಿಯ ರೆಕ್ಕೆಗೆ ಬದಲಾಗಿ ಬಲ್ಬಿನ ಕಾವು ಕೊಡುವ ದುಂಡು ಆವರಣವೇ ಬ್ರೂಡರ್. ಅದರ ಹಳದಿ ಬೆಳಕಿನಲ್ಲಿ ಹಲವು ಮರಿಗಳು ಎರಡೂ ಕಾಲು ಅಗಲಿಸಿ, ಈಜುವಂತೆ ಮಲಗಿದ್ದವು.

ರತ್ನಮ್ಮನ ಅತ್ತೆ ಮುನಿಯಮ್ಮ ಬುಟ್ಟಿ ಹಿಡಿದು ನಿಂತಿದ್ದರು. “ಇದು ರೋಗ ಕಣಮ್ಮ. ಮಿಕ್ಕಿದ್ದಕ್ಕೂ ಹತ್ಕೊಳ್ಳೋ ಮುಂಚೆ ಎತ್ಕೊಂಡೋಗಿ ಹೂಳ್ಬಿಡಣ.”

ರತ್ನಮ್ಮ ಅಡ್ಡ ನಿಂತರು. “ಕಣ್ಣು ನೋಡಿ ಅತ್ತೆ, ಎಷ್ಟು ಚುರುಕಾಗವೆ! ಡಾಕ್ಟ್ರು ಒಂದ್ಸಲ ನೋಡ್ಲಿ ಇರಿ.”

ಒಂದು ಮರಿಯನ್ನು ಅಂಗೈಗೆ ತೆಗೆದುಕೊಂಡೆ. ಕಣ್ಣು ಹೊಳೆಯುತ್ತಿತ್ತು, ಹಿಕ್ಕೆ ಸರಿಯಾಗಿತ್ತು. ಕೆಳಗೆ ಬಿಟ್ಟೊಡನೆ ಕಾಲು ಜಾರಿತು. ನೆಲದ ಮೇಲೆ ಕೈಯಾಡಿಸಿದೆ. ಎಳೆಯ ರೇಷ್ಮೆಹುಳುಗಳಿಗೆ ಹಾಸುವ ನುಣುಪಾದ ಮೇಣದ ಕಾಗದ! ಇವೂ ಅಷ್ಟೇ ಎಳೆಯ ಜೀವಗಳೆಂದು ರತ್ನಮ್ಮ ಅಕ್ಕರೆಯಿಂದ ಹಾಸಿದ್ದರು.

“ಇದು ರೋಗ ಅಲ್ಲ, ಮುನಿಯಮ್ಮ. ಕಾಲಿಗೆ ಹಿಡಿತ ಸಿಗ್ತಿಲ್ಲ ಅಷ್ಟೆ. ಮೊದಲು ಈ ಕಾಗದ ತೆಗೀರಿ.”

ಇನ್ನು ಏನು ಹಾಸುವುದು? ಮನೆಯಲ್ಲಿದ್ದ ಮರದ ಪುಡಿ ತೀರಾ ಸಣ್ಣದು. ಮರಿಗಳು ಆಹಾರವೆಂದು ನುಂಗಿಬಿಡುತ್ತವೆ. ಗೌರಿಬಿದನೂರಿನ ನೆಂಟರು ಕೊಟ್ಟಿದ್ದ ಕಡಲೆಕಾಯಿ ಸಿಪ್ಪೆಯ ಚೀಲ ಬಿಚ್ಚಿದರೆ ಮುಗ್ಗಲು ವಾಸನೆ. ಆ ಬೂಷ್ಟು ಶ್ವಾಸಕೋಶಕ್ಕೆ ಇಳಿದರೆ ನಿಜವಾದ ರೋಗವೇ ಬರುತ್ತದೆ. ಕೊನೆಗೆ ರತ್ನಮ್ಮ ಚಿಂತಾಮಣಿ ರಸ್ತೆಯ ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟು ತಂದರು. ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಉಂಡೆಯಾಗದೆ ಉದುರಿತು. ಒಣಗಿದೆ ಎಂದು ಖಾತ್ರಿಯಾಯಿತು. ಮೇವು ಯಾವುದು, ಹಾಸು ಯಾವುದು ಎಂದು ಮರಿಗಳು ಕಲಿಯುವವರೆಗೆ ಅದರ ಮೇಲೊಂದು ಒರಟು ಬಟ್ಟೆ ಬೇಕಿತ್ತು. ಮುನಿಯಮ್ಮ ಬುಟ್ಟಿ ಕೆಳಗಿಟ್ಟು ಒಳಗೆ ಹೋಗಿ, ತಾವು ಹೊದೆಯುತ್ತಿದ್ದ ಒಗೆದ ಹತ್ತಿ ದುಪ್ಪಟಿ ತಂದು ಹಾಸಿದರು.

ಅಗಲಿದ ಕಾಲುಗಳನ್ನು ಬ್ಯಾಂಡೇಜಿನ ತೆಳು ಪಟ್ಟಿಯಿಂದ ಸಡಿಲವಾಗಿ ಜೋಡಿಸಿದೆವು. ಒಬ್ಬರು ಹಿಡಿಯುವುದು, ಒಬ್ಬರು ಸುತ್ತುವುದು. ಹೊರಗೆ ಮಂಜು ಕರಗಿದ್ದೇ ತಿಳಿಯಲಿಲ್ಲ.

ಮುಂದಿನ ವಾರ ಹೋದಾಗ ಹೆಚ್ಚಿನವು ಓಡಾಡುತ್ತಿದ್ದವು. ಒಂದೆರಡು ಉಳಿಯಲಿಲ್ಲ. ದುಪ್ಪಟಿ ತೆಗೆದಾಗಿತ್ತು; ಒಂದು ಮರಿಯ ಪಟ್ಟಿ ಬಿಚ್ಚಿ ಹೊಟ್ಟಿನ ಮೇಲೆ ಬಿಟ್ಟೆ. ಅದು ಓಲಾಡಿತು, ಉಗುರೂರಿತು, ನಿಂತಿತು.

“ನಿಂತ್ಕೊಂತು ಕಣೇ ರತ್ನಾ!” ಎಂದು ಮುನಿಯಮ್ಮ ಸೊಸೆಯ ಕೈ ಹಿಡಿದುಕೊಂಡರು.

ಅಂದಿನಿಂದ ಯಾವ ಶೆಡ್ಡಿಗೆ ಹೋದರೂ, ಔಷಧಿಯ ಚೀಲ ತೆರೆಯುವ ಮೊದಲು ಬಗ್ಗಿ ನೆಲ ಮುಟ್ಟಿ ನೋಡುತ್ತೇನೆ.